ಪಕ್ಕದ ಮೇಜಿನವರಿಗಾಗಿ ಟೂಲ್ ಕಟ್ಟುವವರನ್ನು ಗುರುತಿಸುವುದು ಹೇಗೆ?

(ಕಂಪನಿಯೊಳಗಿನ ಡೆವಲಪರುಗಳಿಗಾಗಿ ಟೂಲ್ ಕಟ್ಟುವ ಎಂಜಿನಿಯರುಗಳನ್ನು ಆರಿಸಿಕೊಳ್ಳುವ ಬಗ್ಗೆ, ಸಾಫ್ಟ್‌ವೇರ್ ತಂಡಗಳನ್ನು ನಡೆಸುವವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಓಘದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಒಂದು ದಿನ ಸ್ಟೀವ್ ಜಾನ್ಸನ್ ತಮ್ಮ ಹಣೆಬರಹವನ್ನು ಬೈದುಕೊಳ್ಳುತ್ತ ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೋಣೆಗೆ ನುಗ್ಗಿದರು. ಜಾನ್ಸನ್ ಎಂದರೆ ‘ಯಾಕ್’ ಎಂಬ ಪಾರ್ಸರ್ ಜನರೇಟರ್ (ವ್ಯಾಕರಣ ಕೊಟ್ಟರೆ ಆ ಭಾಷೆಯನ್ನು ಓದುವ ಕೋಡ್ ಬರೆದುಕೊಡುವ ಟೂಲ್) ಬರೆದವರು, ಸಾಮಾನ್ಯರಲ್ಲ. ಅವರ ಬೆಳಗಿನ ಹೊತ್ತೆಲ್ಲ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದರಲ್ಲಿ ಕಳೆದುಹೋಗಿತ್ತು. ತಪ್ಪನ್ನು ಆಗಲೇ ತಿದ್ದಿಯಾಗಿತ್ತು, ಆದರೆ ತಿದ್ದಿದ ಫೈಲ್ ಮತ್ತೆ ಕಂಪೈಲ್ ಆಗಿರಲಿಲ್ಲ, ಅಂದರೆ ಯಂತ್ರ ಓಡಿಸುವ ರೂಪಕ್ಕೆ ಬಂದಿರಲಿಲ್ಲ. ಹಿಂದಿನ ಸಂಜೆ ಫೆಲ್ಡ್‌ಮನ್ ಕೂಡ ಇದೇ ಪೇಚಿಗೆ ಸಿಕ್ಕಿದ್ದರು. ಆ ವಾರಾಂತ್ಯದಲ್ಲೇ ಅವರು ಕೂತು, ಬದಲಾದ ಫೈಲುಗಳನ್ನು ಗುರುತಿಸಿ ಬೇಕಾದಷ್ಟನ್ನು ಮತ್ತೆ ಕಂಪೈಲ್ ಮಾಡಿಸುವ ಒಂದು ಟೂಲ್ ಬರೆದರು. 1976ರಲ್ಲಿ ಹಾಗೆ ಹುಟ್ಟಿದ ‘ಮೇಕ್’ ಇವತ್ತಿಗೂ ಜಗತ್ತಿನ ಲೆಕ್ಕವಿಲ್ಲದಷ್ಟು ಪ್ರಾಜೆಕ್ಟುಗಳನ್ನು ಕಟ್ಟಿಕೊಡುತ್ತಿದೆ. 2003ರಲ್ಲಿ ಅದಕ್ಕಾಗಿ ಫೆಲ್ಡ್‌ಮನ್ ಅವರಿಗೆ ಕಂಪ್ಯೂಟರ್ ಕ್ಷೇತ್ರದವರ ಸಂಘವಾದ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಬಂತು.

ಕಥೆಗೆ ಇನ್ನೊಂದು ಭಾಗವಿದೆ. ಏನು ಮಾಡಬೇಕೆಂದು ಮೇಕ್‌ಗೆ ಹೇಳುವ ಮೇಕ್‌ಫೈಲ್ ಬರೆದವರಿಗೆಲ್ಲ ಗೊತ್ತು, ಅದರಲ್ಲಿ ಕಮಾಂಡಿನ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಕಣ್ಣಿಗೆ ಒಂದೇ ಥರ ಕಾಣುವ ಸ್ಪೇಸ್ ಹಾಕಿದರೆ ಕೆಲಸ ಕೆಡುತ್ತದೆ. ಇದು ಸರಿಯಿಲ್ಲ ಎಂದು ಫೆಲ್ಡ್‌ಮನ್‌ಗೆ ಕೆಲವೇ ವಾರಗಳಲ್ಲಿ ಅನ್ನಿಸಿತು. ಅಷ್ಟರಲ್ಲಿ ಹತ್ತು ಹನ್ನೆರಡು ಜನ ಅದನ್ನು ಬಳಸತೊಡಗಿದ್ದರು, ಹೆಚ್ಚಿನವರು ಸ್ನೇಹಿತರು. ಅವರ ಕೆಲಸ ಕೆಡಿಸುವುದು ಬೇಡವೆಂದು ಫೆಲ್ಡ್‌ಮನ್ ಅದನ್ನು ಹಾಗೇ ಬಿಟ್ಟರು. ಆ ಹತ್ತು ಹನ್ನೆರಡು ಜನರ ಮೇಲಿನ ಕಾಳಜಿಯ ಫಲವನ್ನು ನಾವೆಲ್ಲ ಸುಮಾರು ಐವತ್ತು ವರ್ಷದಿಂದ ಉಣ್ಣುತ್ತಿದ್ದೇವೆ.

ಸಹೋದ್ಯೋಗಿಯ ಕಷ್ಟಕ್ಕೆ ಕಿವಿಗೊಟ್ಟವರಿಂದ ಟೂಲ್ ಹುಟ್ಟಿತು. ಹುಟ್ಟಿದ ಮೇಲೆ ಅದನ್ನು ಬದಲಿಸುವುದು ಕಟ್ಟುವುದಕ್ಕಿಂತ ಕಷ್ಟವಾಯಿತು. ಕಂಪನಿಯ ಒಳಗಿನ ಡೆವಲಪರ್ ಟೂಲ್‌ಗಳಿಗೆ ಎಂಜಿನಿಯರುಗಳನ್ನು ತೆಗೆದುಕೊಳ್ಳುವಾಗ ನಾನು ನೋಡುವುದು ಇವೆರಡನ್ನೇ. ಈ ಮನುಷ್ಯರಿಗೆ ಬೇರೆಯವರ ತೊಂದರೆ ಕೇಳಿಸುತ್ತದೆಯೇ? ತಾವು ಕಟ್ಟಿದ್ದರ ಭಾರವನ್ನು ವರ್ಷಗಟ್ಟಲೆ ಹೊರುವ ಮನಸ್ಸಿದೆಯೇ?

ಮೊದಲನೆಯದು ಯಾಕೆ ಅಷ್ಟು ಮುಖ್ಯ ಎಂದು ಹೇಳುತ್ತೇನೆ. ಮಾರುಕಟ್ಟೆಗೆ ಬಿಟ್ಟ ಆ್ಯಪ್ ಚೆನ್ನಾಗಿಲ್ಲದಿದ್ದರೆ ಜನ ಬಿಟ್ಟುಹೋಗುತ್ತಾರೆ. ಆದಾಯ ಇಳಿಯುತ್ತದೆ, ಯಾರೋ ಎಚ್ಚೆತ್ತುಕೊಳ್ಳುತ್ತಾರೆ. ಒಳಬಳಕೆಯ ಟೂಲ್‌ಗೆ ಈ ಭಯವಿಲ್ಲ. ಕಂಪನಿಯಲ್ಲಿ ಡಿಪ್ಲಾಯ್ ಮಾಡಲು, ಅಂದರೆ ಬರೆದ ಕೋಡನ್ನು ಬಳಕೆಗೆ ಬಿಡಲು, ಇರುವುದು ಒಂದೇ ದಾರಿ ಎಂದಮೇಲೆ ಡೆವಲಪರುಗಳು ಎಲ್ಲಿಗೆ ಹೋದಾರು? ಬೈದುಕೊಂಡಾದರೂ ಅದನ್ನೇ ಬಳಸುತ್ತಾರೆ. ಇಲ್ಲವೇ ಸದ್ದಿಲ್ಲದೆ ಪಕ್ಕದಲ್ಲೊಂದು ಸ್ಕ್ರಿಪ್ಟ್ ಬರೆದುಕೊಂಡು ಕೆಲಸ ಸಾಗಿಸುತ್ತಾರೆ. ಡ್ಯಾಶ್‌ಬೋರ್ಡ್ ನೋಡಿದರೆ ಬಳಕೆ ನೂರಕ್ಕೆ ನೂರು. ಆ ನೂರರಲ್ಲಿ ಎಷ್ಟು ಮಂದಿ ಹಲ್ಲುಕಚ್ಚಿಕೊಂಡು ಬಳಸುತ್ತಿದ್ದಾರೆ ಎನ್ನುವುದು ಯಾವ ಗ್ರಾಫಿನಲ್ಲೂ ಬರುವುದಿಲ್ಲ. ಹಾಗಾಗಿ ಟೂಲ್ಸ್ ತಂಡದವರು ತಾವಾಗಿ ಎದ್ದುಹೋಗಿ ನೋಡಬೇಕು. ಹೇಳಿಸಿಕೊಳ್ಳದೆ ಎದ್ದುಹೋಗುವವರು ಬೇಕು. ಇದನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿಸುವುದು ಬಹಳ ಕಷ್ಟ, ನಾನು ಪ್ರಯತ್ನಿಸಿ ಸೋತಿದ್ದೇನೆ.

ಆ ಸೋಲನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಡೆವಲಪರುಗಳಿಂದ ಒಂದೇ ದೂರು ಬರುತ್ತಿತ್ತು: ಬಿಲ್ಡ್ (ಕೋಡನ್ನು ಓಡಿಸಬಹುದಾದ ಪ್ರೋಗ್ರಾಮ್ ಆಗಿ ಕಟ್ಟುವ ಕೆಲಸ) ನಿಧಾನ. ಒಬ್ಬ ಎಂಜಿನಿಯರನ್ನು ತೆಗೆದುಕೊಂಡೆ. ಅಲ್ಗಾರಿದಮ್ ಸುತ್ತಿನಲ್ಲಿ, ಸಿಸ್ಟಮ್ ಡಿಸೈನ್ ಸುತ್ತಿನಲ್ಲಿ ಅವರಷ್ಟು ಚೆನ್ನಾಗಿ ಮಾಡಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರು ಐದು ತಿಂಗಳು ಕೂತು ಬಿಲ್ಡ್ ಫಲಿತಾಂಶಗಳನ್ನು ಎತ್ತಿಟ್ಟು ಎಲ್ಲ ಯಂತ್ರಗಳೂ ಹಂಚಿಕೊಳ್ಳುವಂಥ ಕ್ಯಾಶ್ ವ್ಯವಸ್ಥೆಯೊಂದನ್ನು ಕಟ್ಟಿದರು. ಕೋಡ್ ನೋಡಿದರೆ ಕೈಮುಗಿಯಬೇಕು, ಅಷ್ಟು ಅಚ್ಚುಕಟ್ಟು. ಬಿಡುಗಡೆಯಾಯಿತು, ದೂರು ಮಾತ್ರ ನಿಲ್ಲಲಿಲ್ಲ. ಆಮೇಲೆ ಅಳೆದು ನೋಡಿದರೆ ಬಿಲ್ಡ್ ತೆಗೆದುಕೊಳ್ಳುತ್ತಿದ್ದದ್ದು ನಾಲ್ಕು ನಿಮಿಷ. ಅದಕ್ಕೂ ಮೊದಲು ಸಿಐ ಯಂತ್ರ (ಹೊಸ ಕೋಡನ್ನು ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ಯಂತ್ರ) ಖಾಲಿಯಾಗಲಿ ಎಂದು ಸಾಲಿನಲ್ಲಿ ಕಾಯುತ್ತಿದ್ದದ್ದು ಇಪ್ಪತ್ತೈದು ನಿಮಿಷ. ಡೆವಲಪರುಗಳ ಬಾಯಲ್ಲಿ ಎರಡೂ ಸೇರಿ ‘ಬಿಲ್ಡ್’ ಆಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆವು. ಆ ಎಂಜಿನಿಯರ್ ಬೇಸತ್ತು ಬೇರೆ ಕಡೆ ಹೋದರು. ತಪ್ಪು ಅವರದಲ್ಲ. ಅವರು ಯಾರ ಬಳಿಯಾದರೂ ಹೋಗಿ ‘ನಿಧಾನ ಅಂದರೆ ಏನು’ ಎಂದು ಕೇಳುವವರೋ ಅಲ್ಲವೋ ಎಂಬುದನ್ನು ನನ್ನ ಸಂದರ್ಶನದ ಐದು ಸುತ್ತುಗಳಲ್ಲಿ ಒಂದೂ ಪರೀಕ್ಷಿಸಿರಲಿಲ್ಲ.

ಅಲ್ಲಿಂದ ಮುಂದೆ ಸಂದರ್ಶನವನ್ನೇ ಬದಲಿಸಿದೆ. ಈಗ ಮಾಡುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮಲ್ಲಿ ಕೆಲವರಿಗೆ ನೇರವಾಗಿ ಉಪಯೋಗಕ್ಕೆ ಬರಬಹುದು.

ಅಭ್ಯರ್ಥಿಗೆ ಒಂದು ಸಣ್ಣ ಪ್ರಾಜೆಕ್ಟ್ ಕೊಡುತ್ತೇವೆ. ಎದುರಿಗೆ ನಮ್ಮ ಎಂಜಿನಿಯರೊಬ್ಬರು ಪ್ರಾಡಕ್ಟ್ ತಂಡದ ಡೆವಲಪರ್ ಆಗಿ ಕೂರುತ್ತಾರೆ. ಅವರು ಹೇಳುವುದು ಇಷ್ಟೇ: “ಬಿಲ್ಡ್ ತುಂಬಾ ನಿಧಾನ ಆಗಿದೆ, ಏನಾದರೂ ಮಾಡಿ.” ಐವತ್ತು ನಿಮಿಷ ಸಮಯ. ಇನ್ನು ಉಳಿದದ್ದೆಲ್ಲ ಅಭ್ಯರ್ಥಿ ಕೇಳಿದರೆ ಮಾತ್ರ ಹೊರಬರುತ್ತದೆ. ಯಾವ ಬಿಲ್ಡ್ ನಿಧಾನ ಎಂದು ಕೇಳಿದರೆ, “ಬೆಳಿಗ್ಗೆ ಮೊದಲನೆಯದು ಹೇಗಿದ್ದರೂ ಪರವಾಗಿಲ್ಲ. ಒಂದು ಸಾಲು ತಿದ್ದಿದರೂ ಆರು ನಿಮಿಷ, ಅದೇ ಕಷ್ಟ” ಎನ್ನುತ್ತಾರೆ. ಯಾವಾಗಿನಿಂದ ಎಂದು ಕೇಳಿದರೆ, “ಎರಡು ತಿಂಗಳಾಯಿತು. ಸ್ಕ್ರೀನ್ ಮೇಲೆ ಬಿಲ್ಡ್ ದಿನಾಂಕ ತೋರಿಸಲು ಶುರುಮಾಡಿದ ಹೊತ್ತಿಗೆ” ಎನ್ನುತ್ತಾರೆ. ಗುಟ್ಟು ಇರುವುದು ಇಲ್ಲೇ. ಬಿಲ್ಡ್ ಆದ ಸಮಯವನ್ನು ಒಂದು ಫೈಲಿಗೆ ಬರೆಯುವಂತೆ ನಾವೇ ಮಾಡಿಟ್ಟಿರುತ್ತೇವೆ. ಪ್ರತಿ ಸಲ ಆ ಫೈಲ್ ಬದಲಾಗುತ್ತದೆ, ಅದನ್ನು ನೆಚ್ಚಿಕೊಂಡ ಕೋಡೆಲ್ಲ ಮತ್ತೆ ಕಂಪೈಲ್ ಆಗುತ್ತದೆ, ಕ್ಯಾಶ್ ಇದ್ದೂ ಇಲ್ಲದಂತೆ. ಏನನ್ನೂ ಮುಟ್ಟದೆ ಎರಡು ಸಲ ಬಿಲ್ಡ್ ಮಾಡಿ, ಎರಡನೆಯದಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ ಎಂದು ಕಂಡವರು ಅರ್ಧ ದಾರಿ ಬಂದಂತೆ.

ಇನ್ನರ್ಧ ನನಗೆ ಹೆಚ್ಚು ಮುಖ್ಯ. ಕಾರಣ ಸಿಕ್ಕಿದ ಕೂಡಲೇ ಆ ಸಾಲನ್ನು ಅಳಿಸುತ್ತಾರೋ, ಅಥವಾ ‘ಈ ದಿನಾಂಕ ಯಾರಿಗೆ ಬೇಕಾಗಿತ್ತು’ ಎಂದು ಕೇಳುತ್ತಾರೋ? ಕೇಳಿದರೆ ಉತ್ತರ ಸಿಗುತ್ತದೆ: ಗ್ರಾಹಕರು ಕರೆ ಮಾಡಿದಾಗ ಅವರ ಬಳಿ ಯಾವ ಆವೃತ್ತಿಯಿದೆ ಎಂದು ತಿಳಿಯಲು ಸಪೋರ್ಟ್ ತಂಡದವರು ಕೇಳಿಕೊಂಡದ್ದು. ಹಾಗಿದ್ದರೆ ದಿನಾಂಕವನ್ನು ಬಿಡುಗಡೆಯ ಬಿಲ್ಡ್‌ಗೆ ಮಾತ್ರ ಹಾಕಿ, ದಿನನಿತ್ಯದ ಬಿಲ್ಡ್‌ನಲ್ಲಿ ಸ್ಥಿರವಾಗಿ ಇಡಬಹುದು. ಇದು ನಿಜ ಜೀವನದಿಂದಲೇ ಎತ್ತಿದ ತೊಂದರೆ. ಒಂದೇ ಕೋಡಿನಿಂದ ಯಾವಾಗ ಬಿಲ್ಡ್ ಮಾಡಿದರೂ ಒಂದೇ ಫಲಿತಾಂಶ ಬರಬೇಕೆನ್ನುವ ‘ರೀಪ್ರೊಡ್ಯೂಸಿಬಲ್ ಬಿಲ್ಡ್ಸ್’ ಯೋಜನೆಯವರು ಬಿಲ್ಡ್‌ಗೆ ಬೇಕಾದ ಸಮಯವನ್ನು ಹೊರಗಿನಿಂದ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕೊಡುವ ಕ್ರಮ ರೂಢಿಗೆ ತಂದದ್ದು ಇಂಥದ್ದೇ ಕಾರಣಕ್ಕೆ.

ಕೆಲವರು ಪ್ರಾಜೆಕ್ಟ್ ತೆರೆದ ಎರಡನೇ ನಿಮಿಷಕ್ಕೇ ‘ಬೇಜ಼ಲ್‌ಗೆ ಬದಲಾಯಿಸೋಣ’ ಎನ್ನುತ್ತಾರೆ. ಬೇಜ಼ಲ್ ಒಳ್ಳೆಯ ಬಿಲ್ಡ್ ಟೂಲ್, ಗೂಗಲ್ ತನ್ನೊಳಗೆ ಬಳಸುತ್ತಿದ್ದ ‘ಬ್ಲೇಜ಼್’ನಿಂದ 2015ರಲ್ಲಿ ಹೊರಬಂದದ್ದು. ಆದರೆ ಬಿಲ್ಡ್ ಸಮಯವನ್ನು ಎಲ್ಲ ಕೋಡೂ ನೆಚ್ಚಿಕೊಂಡಿರುವವರೆಗೆ ಬಿಲ್ಡ್ ಸಿಸ್ಟಮ್ ಬದಲಿಸಿದ ಮಾತ್ರಕ್ಕೆ ಕ್ಯಾಶ್ ಕೈಹಿಡಿಯುವುದಿಲ್ಲ. ನಾನು ಒಬ್ಬ ಅಭ್ಯರ್ಥಿಯನ್ನು ಮರೆಯಲಾರೆ. ಅವರು ಡೆವಲಪರ್ ಪಾತ್ರದಲ್ಲಿದ್ದವರನ್ನು ಕೇಳಿದರು: “ಆ ಆರು ನಿಮಿಷ ನೀವು ಏನು ಮಾಡುತ್ತೀರಿ?” ಆ ಪ್ರಶ್ನೆಗೆ ನಾವು ಉತ್ತರವನ್ನೇ ಸಿದ್ಧಪಡಿಸಿರಲಿಲ್ಲ. ನಮ್ಮ ಎಂಜಿನಿಯರ್ ಪಾತ್ರ ಬಿಟ್ಟು ತನ್ನದೇ ಅನುಭವ ಹೇಳಿದರು: “ಬೇರೆ ಕೆಲಸ ತೆಗೆದುಕೊಳ್ಳುತ್ತೇನೆ. ವಾಪಸ್ ಬರುವಷ್ಟರಲ್ಲಿ ಏನು ಮಾಡುತ್ತಿದ್ದೆ ಅನ್ನುವುದೇ ಮರೆತಿರುತ್ತದೆ.” ಆ ಅಭ್ಯರ್ಥಿ ಅದನ್ನು ಬರೆದುಕೊಂಡರು. ಐವತ್ತು ನಿಮಿಷದಲ್ಲಿ ಅವರಿಗೆ ದಿನಾಂಕದ ಗುಟ್ಟು ಸಿಗಲೇ ಇಲ್ಲ. ಆದರೂ ತೆಗೆದುಕೊಂಡೆವು, ಒಳ್ಳೆಯದೇ ಆಯಿತು.

ಎರಡನೇ ಸುತ್ತು ಚಿಕ್ಕದು. ಒಂದು ಕಾಗದದ ಮೇಲೆ ಒಂದೇ ಸಾಲು: ‘ಪ್ರಕ್ರಿಯೆ ವಿಫಲ, ಎಕ್ಸಿಟ್ ಕೋಡ್ 137.’ ಇದನ್ನು ನೋಡುವ ಡೆವಲಪರಿಗೆ ಉಪಯೋಗವಾಗುವಂತೆ ಮತ್ತೆ ಬರೆಯಿರಿ. ಲಿನಕ್ಸ್ ಬಲ್ಲವರಿಗೆ 137 ಎಂದರೆ 128ಕ್ಕೆ 9 ಸೇರಿಸಿದ್ದು, ಅಂದರೆ 9ನೇ ಸಿಗ್ನಲ್ ಕಳುಹಿಸಿ ಪ್ರಕ್ರಿಯೆಯನ್ನು ಬಲವಂತವಾಗಿ ನಿಲ್ಲಿಸಲಾಗಿದೆ ಎಂದು ಗೊತ್ತು. ಕಂಟೇನರ್‌ನಲ್ಲಿ (ಪ್ರೋಗ್ರಾಮನ್ನು ಮಿತಿ ಹಾಕಿ ಪ್ರತ್ಯೇಕವಾಗಿ ಓಡಿಸುವ ಆವರಣದಲ್ಲಿ) ಇದು ಕಂಡರೆ ಬಹುಪಾಲು ಮೆಮೊರಿ ಮಿತಿ ಮೀರಿದೆ ಎಂದೇ ಅರ್ಥ. ಗೊತ್ತಿಲ್ಲದವರಿಗೆ ನಾವೇ ಹೇಳಿಕೊಡುತ್ತೇವೆ, ಅದಕ್ಕೆ ಅಂಕವಿಲ್ಲ. ನೋಡುವುದು ಬರೆಯುವುದನ್ನು. ಏನಾಯಿತು, ಎಷ್ಟು ಮೆಮೊರಿ ಇತ್ತು, ಎಷ್ಟು ಬೇಕಾಯಿತು, ಮಿತಿಯನ್ನು ಯಾವ ಫೈಲಿನಲ್ಲಿ ಬದಲಿಸಬೇಕು, ಅದೂ ಆಗದಿದ್ದರೆ ಯಾರನ್ನು ಕೇಳಬೇಕು. ಖಚಿತವಾಗಿ ಗೊತ್ತಿರುವುದನ್ನೂ ಊಹೆಯನ್ನೂ ಬೇರೆ ಮಾಡಿ ಬರೆಯುವವರನ್ನು ಕಂಡರೆ ನನಗೆ ತುಂಬಾ ಗೌರವ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಆ ಸಾಲನ್ನು ಓದುವವರ ಮುಖ ಅಂಥವರ ಕಣ್ಣಮುಂದೆ ಇರುತ್ತದೆ.

ಎಲ್ಲ ಅಭ್ಯರ್ಥಿಗಳಿಗೂ ಇದೇ ಪ್ರಶ್ನೆ, ಇದೇ ಅಂಕಪಟ್ಟಿ, ಅದೂ ಸಂದರ್ಶನಕ್ಕೆ ಮೊದಲೇ ಬರೆದಿಟ್ಟದ್ದು. ಹರಟೆಯಂತೆ ನಡೆಯುವ ಸಂದರ್ಶನದಲ್ಲಿ ನಮ್ಮಂತೆ ಮಾತಾಡುವವರೇ ನಮಗೆ ಜಾಣರಾಗಿ ಕಾಣುತ್ತಾರೆ. ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ನೇಮಕಾತಿಯ ಮೇಲಿನ ದಶಕಗಳ ಅಧ್ಯಯನಗಳನ್ನು 2022ರಲ್ಲಿ ಮರುವಿಶ್ಲೇಷಿಸಿದಾಗ, ಮುಂದೆ ಕೆಲಸ ಹೇಗೆ ಮಾಡುತ್ತಾರೆ ಎಂಬುದನ್ನು ಅಳೆಯುವ ವಿಧಾನಗಳಲ್ಲಿ ಹೀಗೆ ಕಟ್ಟುನಿಟ್ಟಾಗಿ ರೂಪಿಸಿದ ಸಂದರ್ಶನವೇ ಮೇಲೆ ನಿಂತಿತು. ಎಷ್ಟು ವರ್ಷದ ಅನುಭವ ಎನ್ನುವುದು ತಳದಲ್ಲಿತ್ತು. ನಮ್ಮ ಜಾಹೀರಾತುಗಳು ಇಂದಿಗೂ ವರ್ಷದಿಂದಲೇ ಶುರುವಾಗುತ್ತವೆ.

ಇನ್ನು ಭಾರ ಹೊರುವ ವಿಷಯ. ಇದಕ್ಕೆ ನನ್ನ ಬಳಿ ಒಂದೇ ಪ್ರಶ್ನೆ: “ನೀವು ನಿಲ್ಲಿಸಿದ ಟೂಲ್ ಒಂದರ ಬಗ್ಗೆ ಹೇಳಿ.” ಕಟ್ಟಿದ್ದನ್ನು ಎಲ್ಲರೂ ಹೇಳುತ್ತಾರೆ. ನಿಲ್ಲಿಸಿದ್ದನ್ನು ಹೇಳಲು ಬರುವವರು ಕಡಿಮೆ. ಗೂಗಲ್‌ನಲ್ಲಿದ್ದ ಹೈರಮ್ ರೈಟ್ ಅವರ ಹೆಸರಿನಲ್ಲಿ ಒಂದು ನಿಯಮ ಇದೆ. ಬಳಸುವವರ ಸಂಖ್ಯೆ ಸಾಕಷ್ಟು ಬೆಳೆದರೆ, ನೀವು ಮಾತು ಕೊಟ್ಟದ್ದನ್ನು ಮಾತ್ರವಲ್ಲ, ನಿಮ್ಮ ವ್ಯವಸ್ಥೆಯಲ್ಲಿ ಹೊರಗೆ ಕಾಣುವ ಪ್ರತಿಯೊಂದು ನಡವಳಿಕೆಯನ್ನೂ ಯಾರೋ ಒಬ್ಬರು ನೆಚ್ಚಿಕೊಂಡಿರುತ್ತಾರೆ. ಲಾಗ್‌ನ ಮೂರನೇ ಸಾಲಿನಲ್ಲಿ ಅಲ್ಪವಿರಾಮ ತೆಗೆದರೂ ಯಾರದೋ ಸ್ಕ್ರಿಪ್ಟ್ ಮುರಿಯುತ್ತದೆ. ಫೆಲ್ಡ್‌ಮನ್ ಅವರ ಟ್ಯಾಬ್ ನೆನಪಿಸಿಕೊಳ್ಳಿ.

ಈ ಪ್ರಶ್ನೆಗೆ ನಾನು ಕೇಳಿದ ಉತ್ತರಗಳಲ್ಲಿ ಎರಡು ಬಗೆ. ಒಂದು: “ಮೂರು ತಿಂಗಳ ಗಡುವು ಕೊಟ್ಟು ಎಲ್ಲರಿಗೂ ಮೇಲ್ ಹಾಕಿದೆವು, ಆಮೇಲೆ ನಿಲ್ಲಿಸಿದೆವು.” ಇನ್ನೊಂದು, ಒಬ್ಬ ಅಭ್ಯರ್ಥಿ ಹೇಳಿದ್ದು: “ನೂರಾರು ರೆಪೊಗಳಲ್ಲಿ, ಅಂದರೆ ತಂಡಗಳ ಕೋಡ್ ಸಂಗ್ರಹಗಳಲ್ಲಿ, ಬದಲಾವಣೆ ಬೇಕಿತ್ತು. ಬದಲಾವಣೆಯನ್ನು ನಾವೇ ಪ್ರೋಗ್ರಾಮಿನಿಂದ ಬರೆಸಿ ಪ್ರತಿ ತಂಡಕ್ಕೂ ಕಳುಹಿಸಿದೆವು, ಅವರು ನೋಡಿ ಒಪ್ಪಿದರೆ ಸಾಕಿತ್ತು. ಕೊನೆಗೆ ಏಳು ತಂಡ ಉಳಿದವು. ಆ ಏಳರ ಜೊತೆ ನಾನೇ ಕೂತೆ.” ಮೊದಲನೆಯವರು ತಮ್ಮ ಕೆಲಸವನ್ನು ನೂರು ಜನರ ತಲೆಗೆ ಕಟ್ಟಿದರು. ಎರಡನೆಯವರು ನೂರು ಜನರ ಕೆಲಸವನ್ನು ತಮ್ಮ ಹೆಗಲಿಗೆ ತೆಗೆದುಕೊಂಡರು. ಆ ಏಳು ತಂಡಗಳ ವಿವರ ಕೇಳುತ್ತಲೇ ನನ್ನ ತೀರ್ಮಾನ ಆಗಿಹೋಗಿತ್ತು ಎಂದರೆ ತಪ್ಪಿಲ್ಲ, ಅಂಕಪಟ್ಟಿ ಆಮೇಲೆ ತುಂಬಿದೆ. ಹಾಗೆ ಮಾಡಬಾರದು, ಆದರೂ ಮಾಡಿದೆ.

ನಂಬಿಕೆಯ ಬಗ್ಗೆಯೂ ಒಂದು ಮಾತು ಕೇಳುತ್ತೇನೆ. ಕೋಡ್ ಬದಲಾಗದೆಯೂ ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುವ ಟೆಸ್ಟ್‌ಗಳನ್ನು ಹೇಗೆ ನಿಭಾಯಿಸಿದಿರಿ? 2016ರಲ್ಲಿ ಗೂಗಲ್ ಹಂಚಿಕೊಂಡ ಲೆಕ್ಕದಂತೆ ಅವರ ಟೆಸ್ಟ್ ಓಟಗಳಲ್ಲಿ ಸುಮಾರು 1.5% ಇಂಥ ಫಲಿತಾಂಶ ಕೊಡುತ್ತಿದ್ದವು, ಅವರ ಟೆಸ್ಟ್‌ಗಳಲ್ಲಿ ಸುಮಾರು 16% ಒಂದಲ್ಲ ಒಂದು ಮಟ್ಟದಲ್ಲಿ ಈ ಚಂಚಲತೆ ತೋರಿಸುತ್ತಿದ್ದವು. ಅಷ್ಟು ದೊಡ್ಡ ಟೂಲ್ಸ್ ತಂಡಗಳಿರುವಲ್ಲೇ ಹೀಗೆ. ಅಪಾಯ ಇರುವುದು ಫೇಲಾಗುವುದರಲ್ಲಿ ಅಲ್ಲ, ಡೆವಲಪರುಗಳು ಕೆಂಪು ಬಣ್ಣ ಕಂಡರೂ ‘ಇನ್ನೊಮ್ಮೆ ಓಡಿಸಿದರಾಯಿತು’ ಎಂದುಕೊಳ್ಳುವುದರಲ್ಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಮ್ಮೆ ಸಿಐ ಮೇಲಿನ ನಂಬಿಕೆ ಒಡೆದರೆ ಎಷ್ಟು ಟೂಲ್ ಕಟ್ಟಿದರೂ ವ್ಯರ್ಥ ಎಂದು ಅಭ್ಯರ್ಥಿ ತಮ್ಮ ಮಾತಿನಲ್ಲಿ ಹೇಳಬಲ್ಲರೇ ಎಂದು ನೋಡುತ್ತೇನೆ.

ಇಂಥವರು ಎಲ್ಲಿ ಸಿಗುತ್ತಾರೆ? ಮೊದಲು ಒಳಗೇ ಹುಡುಕಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನೇಮಕಾತಿಯಲ್ಲಿ ದಿನಾ ನಿಜವಾಗುತ್ತಿರುತ್ತದೆ. 2004ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಗುಚಿ ತಾವು ಹಾಕಿದ ಕೋಡ್ ಸಹೋದ್ಯೋಗಿಗಳ ಬಿಲ್ಡ್ ಮುರಿಯುತ್ತಿದ್ದುದಕ್ಕೆ ಬೇಸತ್ತು, ಅದನ್ನು ಮೊದಲೇ ಹಿಡಿಯಲು ‘ಹಡ್ಸನ್’ ಬರೆಯಲಾರಂಭಿಸಿದರು. 2011ರಲ್ಲಿ ಅದು ‘ಜೆಂಕಿನ್ಸ್’ ಎಂಬ ಹೆಸರು ಪಡೆಯಿತು. ನಿಮ್ಮ ಕಂಪನಿಯಲ್ಲೂ ತನ್ನ ತಂಡಕ್ಕಾಗಿ ಒಂದು ಸ್ಕ್ರಿಪ್ಟ್ ಬರೆದು, ಪಕ್ಕದ ತಂಡ ಕೇಳಿದಾಗ ಅವರಿಗೂ ಹೊಂದಿಸಿಕೊಟ್ಟು, ಅದಕ್ಕೆ ಅರ್ಧ ಪುಟ ವಿವರಣೆ ಬರೆದಿಟ್ಟವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಮ್ಯಾನೇಜರ್‌ಗೆ ಬಹುಶಃ ಅದು ಗೊತ್ತಿರುವುದಿಲ್ಲ. ಟೆಸ್ಟಿಂಗ್, ಸಪೋರ್ಟ್, ಸಿಸ್ಟಮ್ ಅಡ್ಮಿನ್ ಕೆಲಸದಿಂದ ಬಂದವರನ್ನೂ ನೋಡಿ. ಪರರ ಅವಸರದ ನಡುವೆ ಶಾಂತವಾಗಿ ಪ್ರಶ್ನೆ ಕೇಳುವುದು ಅವರಿಗೆ ರೂಢಿಯಾಗಿರುತ್ತದೆ.

ಜಾಹೀರಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹದಿನಾಲ್ಕು ತಂತ್ರಜ್ಞಾನಗಳ ಪಟ್ಟಿ ಕೈಬಿಡಿ. ಕೆಲಸ ನಿಜವಾಗಿ ಏನು ಎಂದು ಬರೆಯಿರಿ: ವಾರಕ್ಕೆ ಇಷ್ಟು ಹೊತ್ತು ಚಾಟ್‌ನಲ್ಲಿ ಡೆವಲಪರುಗಳ ಪ್ರಶ್ನೆಗೆ ಉತ್ತರಿಸಬೇಕು, ಡಾಕ್ಯುಮೆಂಟೇಶನ್ ಬರೆಯಬೇಕು, ಪಾಳಿಯಲ್ಲಿ ರಾತ್ರಿ ಕರೆ ಬರಬಹುದು. ಇದನ್ನು ಓದಿಯೂ ಅರ್ಜಿ ಹಾಕುವವರೇ ನಿಮಗೆ ಬೇಕಾದವರು.

ಇನ್ನು ಪ್ರಶ್ನೆಗಳು.

ಹೊಸಬರನ್ನು ಮೊದಲು ಟೂಲ್ಸ್ ತಂಡಕ್ಕೆ ಹಾಕಿ ಪಳಗಿಸುವುದು ಸರಿಯೇ?

ತಂಡದಲ್ಲಿ ಅನುಭವಿಗಳು ಇದ್ದರೆ ಸರಿ. ಆದರೆ ಹಲವು ಕಡೆ ಕಂಡಿದ್ದೇನೆ, ಟೂಲ್ಸ್ ತಂಡ ಎಂದರೆ ಬೇರೆಲ್ಲೂ ಜಾಗ ಸಿಗದವರನ್ನು ಕೂರಿಸುವ ಕಡೆ. ಅದು ನನಗೆ ನೋವು ಕೊಡುತ್ತದೆ. ಇನ್ನೂರು ಜನ ಡೆವಲಪರುಗಳಿದ್ದಾರೆ ಎಂದುಕೊಳ್ಳಿ, ಒಬ್ಬೊಬ್ಬರು ದಿನಕ್ಕೆ ಹತ್ತು ಬಿಲ್ಡ್, ಒಂದೊಂದರಲ್ಲಿ ಮೂರು ನಿಮಿಷ ಉಳಿಸಿದರೂ ದಿನಕ್ಕೆ ನೂರು ಗಂಟೆ ಕಾಯುವುದು ತಪ್ಪುತ್ತದೆ. ಆ ನೂರು ಗಂಟೆಯೂ ಕೆಲಸವಾಗಿ ಮಾರ್ಪಡುತ್ತದೆ ಎಂದು ನಾನು ಹೇಳಲಾರೆ. ಆದರೆ ಅದೇ ತಂಡದ ಒಂದು ತಪ್ಪು ಇನ್ನೂರು ಜನರನ್ನು ಒಟ್ಟಿಗೆ ನಿಲ್ಲಿಸುತ್ತದೆ. 1975ರಲ್ಲೇ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ ಅವರು, ಅದೇ ಕ್ಷೇತ್ರದ ಹಾರ್ಲನ್ ಮಿಲ್ಸ್ ಅವರ ಯೋಚನೆಯನ್ನು ಬೆಳೆಸಿ, ಹತ್ತು ಜನರ ಪ್ರೋಗ್ರಾಮಿಂಗ್ ತಂಡದಲ್ಲಿ ಒಬ್ಬರನ್ನು ಟೂಲ್ ಮಾಡಿಕೊಡಲೆಂದೇ ಇಡಬೇಕು ಎಂದಿದ್ದರು. ನೀವು ತೆಗೆದುಕೊಳ್ಳುವ ಮೊದಲ ಇಬ್ಬರಾದರೂ ಪ್ರಾಡಕ್ಟ್ ತಂಡದಲ್ಲಿ ಗಡುವಿನ ಬಿಸಿ ಅನುಭವಿಸಿ ಬಂದವರಾಗಿರಲಿ.

ಈಗ ಎಐ ಕೋಡ್ ಬರೆದುಕೊಡುತ್ತಿದೆಯಲ್ಲ, ಇಂಥ ಎಂಜಿನಿಯರುಗಳ ಅಗತ್ಯ ಕಡಿಮೆಯಾಗುತ್ತದೆಯೇ?

ನನ್ನ ತಂಡದಲ್ಲಿ ಆದದ್ದು ತಿರುಗುಮುರುಗು. ಕೋಡ್ ಬೇಗ ಬರೆಯಲಾದರೆ ಒತ್ತಡವೆಲ್ಲ ಅದರ ಮುಂದಿನ ಹಂತಗಳ ಮೇಲೆ ಬೀಳುತ್ತದೆ, ಅಂದರೆ ರಿವ್ಯೂ, ಟೆಸ್ಟ್, ಮರ್ಜ್ (ಮುಖ್ಯ ಕೋಡಿಗೆ ಸೇರಿಸುವುದು), ಡಿಪ್ಲಾಯ್. ಸಂದರ್ಶನದ ಮೊದಲ ಸುತ್ತಿನಲ್ಲಿ ಎಐ ಸಹಾಯ ಬಳಸಲು ಬಿಡುತ್ತೇವೆ. ಬಳಸಿದವರಿಗೆ ದಿನಾಂಕದ ಗುಟ್ಟು ಬೇಗ ಸಿಗುತ್ತದೆ. ಆ ದಿನಾಂಕ ಸಪೋರ್ಟ್ ತಂಡಕ್ಕೆ ಯಾಕೆ ಬೇಕಿತ್ತು ಎನ್ನುವುದು ಮಾತ್ರ ಕೋಡಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಎದುರಿಗೆ ಕೂತವರನ್ನೇ ಕೇಳಬೇಕು.

ತೆಗೆದುಕೊಂಡ ಮೇಲೆ ಮೊದಲ ತಿಂಗಳು ಏನು ಮಾಡಿಸುತ್ತೀರಿ?

ಮೊದಲ ಎರಡು ವಾರ ನಮ್ಮ ತಂಡದಲ್ಲಿ ಕೂರಿಸುವುದೇ ಇಲ್ಲ. ಯಾವುದಾದರೂ ಪ್ರಾಡಕ್ಟ್ ತಂಡಕ್ಕೆ ಕಳುಹಿಸುತ್ತೇವೆ. ಅಲ್ಲಿ ಒಂದು ಸಣ್ಣ ಬದಲಾವಣೆಯನ್ನು, ಹೊಸ ಲ್ಯಾಪ್‌ಟಾಪ್ ಸಿದ್ಧಪಡಿಸುವುದರಿಂದ ಹಿಡಿದು ಗ್ರಾಹಕರಿಗೆ ತಲುಪುವವರೆಗೆ, ನಮ್ಮ ಟೂಲ್‌ಗಳನ್ನೇ ಬಳಸಿ ಮಾಡಿ ಮುಗಿಸಬೇಕು. ಜೊತೆಗೆ ಒಂದು ನೋಟ್‌ಬುಕ್. ಎಲ್ಲೆಲ್ಲಿ ತಡವರಿಸಿದರೋ ಎಲ್ಲವನ್ನೂ ಗಂಟೆ ಸಮೇತ ಬರೆಯಬೇಕು, ‘ಇದು ನನ್ನ ಅಜ್ಞಾನ ಇರಬೇಕು’ ಎಂದು ಬಿಡುವಂತಿಲ್ಲ. ತಿಂಗಳು ಕಳೆದರೆ ಕಣ್ಣಿಗೆ ಅಭ್ಯಾಸವಾಗಿ ಇವು ಕಾಣುವುದೇ ನಿಲ್ಲುತ್ತವೆ, ಅದಕ್ಕೇ ಈ ಅವಸರ. ಕಳೆದ ಸಲ ಸೇರಿದವರ ನೋಟ್‌ಬುಕ್ಕಿನಲ್ಲಿ 41 ಟಿಪ್ಪಣಿಗಳಿದ್ದವು. ಮೊದಲನೆಯದು, ಸೆಟಪ್ ಪುಟದಲ್ಲಿದ್ದ ಮೂರನೇ ಕಮಾಂಡ್ ಒಂದು ವರ್ಷದಿಂದ ಕೆಲಸವನ್ನೇ ಮಾಡುತ್ತಿರಲಿಲ್ಲ; ಆ ವರ್ಷ ಸೇರಿದವರೆಲ್ಲ ಪಕ್ಕದವರನ್ನು ಕೇಳಿ ದಾಟಿಕೊಂಡಿದ್ದರು. ಅದನ್ನು ಅವರೇ ಆ ದಿನ ಸಂಜೆಯೊಳಗೆ ಸರಿಪಡಿಸಿದರು. ಉಳಿದ 40ರಲ್ಲಿ ಇನ್ನೂ ಹದಿನಾರು ಬಾಕಿ ಇವೆ, ಈ ತಿಂಗಳು ನಾವು ಮಾಡುತ್ತಿರುವ ಕೆಲಸ ಅದೇ.